ಪಾವು, ಪಹಣಿ, ನಮೂನೆ 7

ಬೆಂಗಳೂರಿನ ಫ್ಲ್ಯಾಟಿಗೆ ಹೋಗೋ ಮುಂಚೆ ಮುಳಬಾಗಿಲ ಕಡೆಯ ನಮ್ಮ ಹಳೇ ಮನೆ ಖಾಲಿ ಮಾಡಬೇಕಿತ್ತು. ವರ್ಷಗಟ್ಟಲೆ ಬೀಗ ಹಾಕಿದ್ದ ಮನೆ, ಅಟ್ಟದ ತುಂಬ ಧೂಳು, ಗೆದ್ದಲು. ರಾಗಿ ಅಳೆಯೋ ಸೇರು, ಪಾವು ಸಿಕ್ಕವು. 1956ರ ಕಾಯ್ದೆಯಿಂದ ಮೆಟ್ರಿಕ್ ಅಳತೆ ಬಂದು ಅಂಗಡಿಗಳಲ್ಲಿ ಕಿಲೋ, ಲೀಟರು ಕೂತರೂ ನಮ್ಮಜ್ಜಿ ಕೊನೇವರೆಗೂ ಪಾವಿನಲ್ಲೇ ಅಕ್ಕಿ ಅಳೆದರು. ಪಾವು ನಾನಿಟ್ಟುಕೊಂಡೆ, ಸೇರು ತಂಗಿಗೆ ಹೋಯಿತು.

ಪೇಚಾಟವೆಲ್ಲ ಟ್ರಂಕಿನ ಕಾಗದಗಳದ್ದು. "ಪಹಣಿ ಕಂಪ್ಯೂಟರಿನಲ್ಲಿದೆಯಲ್ಲ, ರದ್ದಿಗೆ ಹಾಕಣ್ಣ" ಅಂದ ತಮ್ಮ. ಜಮೀನು ಇವತ್ತು ಯಾರದ್ದು ಅಂತ ಪಹಣಿ ಹೇಳುತ್ತೆ, ಹೇಗೆ ಅವರದ್ದಾಯಿತು ಅನ್ನೋದಕ್ಕೆ ಹಳೇ ಕಾಗದವೇ ಬೇಕು.

ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಉಳುವವರು ನಮೂನೆ 7 ತುಂಬಿ ಭೂ ನ್ಯಾಯಮಂಡಳಿ ಮುಂದೆ ಹಕ್ಕು ಕೇಳಬೇಕಿತ್ತು. ನಮ್ಮ ಎರಡೆಕರೆ ವಾರಕ್ಕೆ ಮಾಡುತ್ತಿದ್ದವರ ಪರ ಆದ ಆದೇಶದ ಪ್ರತಿ ಟ್ರಂಕಿನಲ್ಲಿತ್ತು. ತಾತನಿಗೆ ಅದು ಕಳೆದುಕೊಂಡದ್ದರ ಲೆಕ್ಕ, ಆದರೂ ಹರಿದು ಹಾಕಿರಲಿಲ್ಲ. ಉತ್ತವರ ಮನೆಯಲ್ಲಿದ್ದ ಪ್ರತಿ ಮಳೆಗೆ ನೆನೆದು ಹಾಳಾಗಿತ್ತಂತೆ. ಅವರ ಮೊಮ್ಮಗನಿಗೆ ಕೊಟ್ಟುಬಂದೆ.

ನಿಮ್ಮ ಅಟ್ಟದಲ್ಲೂ ಇಂಥವು ಇದ್ದಾವು. ತೂಕಕ್ಕೆ ಹಾಕೋ ಮುಂಚೆ ಒಮ್ಮೆ ಓದಿ, ಯಾರದ್ದೋ ಹೊಲ ಅದರಲ್ಲಿರಬಹುದು.