ಸ್ಯಾಂಡಲ್ ಸೋಪಿನ ಹಿಂದಿನ ಸೋಸಲೆಯ ಹೆಸರು

ಮೈಸೂರು ಸ್ಯಾಂಡಲ್ ಸೋಪು ಗೊತ್ತಿಲ್ಲದ ಮನೆ ನಮ್ಮ ತಿ. ನರಸೀಪುರ, ನಂಜನಗೂಡು ಸೀಮೆಯಲ್ಲಿ ಸಿಗುವುದು ಕಷ್ಟ. ದಿನಾ ಹಚ್ಚದಿದ್ದರೂ ನೆಂಟರು ಬಂದಾಗ, ಹಬ್ಬದ ಸ್ನಾನಕ್ಕೆ ಒಂದು ಬಿಲ್ಲೆ ಹೊರಗೆ ಬರುತ್ತದೆ. ಆ ಸೋಪಿಗೆ ಪರಿಮಳ ಕೂಡಿಸಿದವರ ಹೆಸರಿನಲ್ಲೇ ನಮ್ಮ ಎರಡೂ ತಾಲ್ಲೂಕುಗಳಿವೆ. ಅವರು ಸೋಸಲೆ ಗರಳಪುರಿ ಶಾಸ್ತ್ರಿ, ಅಂದರೆ ಎಸ್.ಜಿ. ಶಾಸ್ತ್ರಿ. ಜನ ಕರೆದದ್ದು ‘ಸೋಪ್ ಶಾಸ್ತ್ರಿ’ ಎಂದು.

ಸೋಸಲೆ ಎಂದರೆ ತಿ. ನರಸೀಪುರ ತಾಲ್ಲೂಕಿನ, ವ್ಯಾಸರಾಜ ಮಠದ ಸೋಸಲೆ. ಗರಳಪುರಿ ಎಂದರೆ ನಂಜನಗೂಡು. ನಂಜು ಅಂದರೂ ವಿಷ, ಗರಳ ಅಂದರೂ ವಿಷ. ಇದೇ ಹೆಸರಿನ ಸಂಸ್ಕೃತ ವಿದ್ವಾಂಸರೊಬ್ಬರು 19ನೇ ಶತಮಾನದಲ್ಲಿ ಮೈಸೂರು ಅರಮನೆಯಲ್ಲಿ ಹೆಸರು ಮಾಡಿದ್ದರು. ನಮ್ಮ ಶಾಸ್ತ್ರಿಗಳು ಹಿಡಿದದ್ದು ಬೇರೆ ಶಾಸ್ತ್ರ: ರಸಾಯನಶಾಸ್ತ್ರ.

ಕಥೆ ಶುರುವಾಗುವುದು ಯುದ್ಧದಿಂದ. ಆಗ ಮೈಸೂರು ಸಂಸ್ಥಾನದ ಶ್ರೀಗಂಧ ಹರಾಜಾಗಿ ಹೊರದೇಶಕ್ಕೆ, ಅದರಲ್ಲೂ ಹೆಚ್ಚಾಗಿ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುತ್ತಿದ್ದವರು ಅವರು, ಲಾಭವೂ ಅವರದೇ. ನಮ್ಮದು ಮರ ಕಡಿದು, ಹೊತ್ತು, ಕೋಠಿಗೆ ಹಾಕುವ ಕೆಲಸ ಮಾತ್ರ. ಹಾಸನದಲ್ಲಿ ಇವತ್ತಿಗೂ ‘ಗಂಧದ ಕೋಠಿ’ ಎಂಬ ಜಾಗದ ಹೆಸರು ಉಳಿದಿದೆ. 1914ರಲ್ಲಿ ಮೊದಲ ಮಹಾಯುದ್ಧ ಹತ್ತಿಕೊಂಡಿತು. ಹಡಗು ನಿಂತವು, ಕೊಳ್ಳುವವರು ಇಲ್ಲವಾದರು, ಗಂಧ ರಾಶಿ ಬಿತ್ತು.

ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. ಕೈಗಾರಿಕೆ ನೋಡಿಕೊಳ್ಳುತ್ತಿದ್ದವರು ಆಲ್‌ಫ್ರೆಡ್ ಚಾಟರ್ಟನ್. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಈಗಿನ ಭಾರತೀಯ ವಿಜ್ಞಾನ ಸಂಸ್ಥೆ) ಪ್ರೊಫೆಸರ್ ಸಡ್‌ಬರೋ ಮತ್ತು ವ್ಯಾಟ್ಸನ್ ಗಂಧದೆಣ್ಣೆ ಇಳಿಸುವ ಪ್ರಯೋಗ ಮಾಡಿ ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, 1917ರಲ್ಲಿ ಮೈಸೂರಿನಲ್ಲಿ ಎಣ್ಣೆ ಕಾರ್ಖಾನೆ ಎದ್ದವು. ಮಾನಂದವಾಡಿ ರಸ್ತೆಯಲ್ಲಿ ಹೋಗುವಾಗ ಮೂಗಿಗೆ ಬಡಿಯುವ ಗಂಧದ ಕಾರ್ಖಾನೆ ಅದೇ.

ಕೆಲಸ ಹೇಳಲು ಸುಲಭ. ಮರದ ಹೊರಗಿನ ಬಿಳಿ ಭಾಗ ಕೆತ್ತಿ ತೆಗೆಯಬೇಕು, ಅದಕ್ಕೆ ವಾಸನೆ ಇಲ್ಲ. ಒಳಗಿನ ಚೇಗು ಮತ್ತು ಬೇರನ್ನು ಚಕ್ಕೆ ಮಾಡಿ, ಪುಡಿ ಮಾಡಿ, ದೊಡ್ಡ ಪಾತ್ರೆಯಲ್ಲಿ ಹಬೆ ಹಾಯಿಸಬೇಕು. ಹಬೆಯ ಜೊತೆ ಎಣ್ಣೆ ಏರುತ್ತದೆ, ತಣ್ಣಗಾದಾಗ ನೀರಿನಿಂದ ಬೇರೆಯಾಗುತ್ತದೆ. ಎಣ್ಣೆ ಹೆಚ್ಚು ಸಿಗುವುದು ಬೇರಿನಲ್ಲಿ. ಅದಕ್ಕೇ ಗಂಧದ ಮರವನ್ನು ಬುಡಕ್ಕೆ ಕಡಿಯುವುದಿಲ್ಲ, ಬೇರು ಸಮೇತ ಅಗೆದು ತೆಗೆಯುತ್ತಾರೆ.

ಎಣ್ಣೆಯಿಂದ ಸೋಪಿಗೆ ಬಂದದ್ದು ಹೇಗೆ? ಕಾರ್ಖಾನೆಯವರು ಹೇಳಿಕೊಂಡು ಬಂದ ಕಥೆ ಇದು: 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಯಾರೋ ಗಂಧದೆಣ್ಣೆಯ ಸೋಪು ಕಾಣಿಕೆ ಕೊಟ್ಟರಂತೆ. ಎಣ್ಣೆ ನಮ್ಮದು, ಸೋಪು ನಾವೇ ಏಕೆ ಮಾಡಬಾರದು ಎಂದರಂತೆ. ಮುಂಬಯಿಯಿಂದ ತಜ್ಞರು ಬಂದರು, ಪ್ರಯೋಗ ನಡೆದವು. ಆದರೆ ಹೊರಗಿನವರನ್ನು ನಂಬಿ ಎಷ್ಟು ದಿನ? ಶಾಸ್ತ್ರಿಗಳನ್ನು ಆರಿಸಿ ಇಂಗ್ಲೆಂಡಿಗೆ ಕಳಿಸಿದರು. ಅವರು ಸೋಪು ತಂತ್ರ ಕಲಿತು ಬಂದು, ಗಂಧದೆಣ್ಣೆಗೆ ಹೊಂದುವ ಪರಿಮಳ ಕೂಡಿಸಿ ಸರ್ಕಾರಿ ಸೋಪು ಕಾರ್ಖಾನೆಯನ್ನು ನಿಲ್ಲಿಸಿದರು. ಸಂಸ್ಕೃತದ ಮನೆಹೆಸರು ಹೊತ್ತವರು ಸಮುದ್ರ ದಾಟಿ ಕೊಬ್ಬು, ಕಾಸ್ಟಿಕ್ ಸೋಡಾದ ಕೆಲಸ ಕಲಿತರು ಎಂಬುದು ಆ ಕಾಲಕ್ಕೆ ಸಣ್ಣ ಮಾತಲ್ಲ ಎಂದು ನಮಗನ್ನಿಸುತ್ತದೆ.

ಮಾರುವುದರಲ್ಲೂ ಬುದ್ಧಿ ಓಡಿತ್ತು. ಮೊಟ್ಟೆಯಾಕಾರದ ಬಿಲ್ಲೆ, ಒಡವೆ ಪೆಟ್ಟಿಗೆಯಂಥ ಡಬ್ಬಿ, ಅದರ ಮೇಲೆ ಸಿಂಹದ ಮೈ, ಆನೆಯ ಮುಖದ ಶರಭ. ಟ್ರಾಮ್ ಟಿಕೆಟ್ಟು, ಬೆಂಕಿಪೊಟ್ಟಣಗಳ ಮೇಲೂ ಜಾಹೀರಾತು ಹಾಕಿದ್ದರು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆ ಮಾಡಿಸಿದ್ದರು ಎಂಬ ಮಾತೂ ಇದೆ. ಶಾಸ್ತ್ರಿಗಳು ಮುಂದೆ ಸಂಸ್ಥಾನದ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾದರು. 1980ರಲ್ಲಿ ಎಣ್ಣೆ, ಸೋಪು ಕಾರ್ಖಾನೆಗಳು ಸೇರಿ ಕೆ.ಎಸ್.ಡಿ.ಎಲ್. ಆಯಿತು.

ಇಷ್ಟೆಲ್ಲ ಹೊಗಳಿದ ಮೇಲೆ ಹೊಲದ ಕಡೆಗೂ ನೋಡಬೇಕು. ಸಂಸ್ಥಾನಕ್ಕೆ, ಆಮೇಲೆ ಸರ್ಕಾರಕ್ಕೆ ಗಂಧ ಕಾಸು ತಂದಿತು, ರೈತನಿಗೆ ತಂದದ್ದು ಭಯ. ಟಿಪ್ಪು ಕಾಲದಿಂದಲೂ ಗಂಧ ರಾಜಮರ. ಹಕ್ಕಿ ಹಿಕ್ಕೆ ಹಾಕಿ ನಿಮ್ಮ ಬದುವಿನಲ್ಲಿ ಹುಟ್ಟಿದರೂ ಮರ ಸರ್ಕಾರದ್ದು. ಕಡಿದು ಒಯ್ದ ಮೇಲೆ ಬೋನಸ್ ಎಂದು ಒಂದು ಪಾಲು ಕೊಡುತ್ತಿದ್ದರು, ನಿಜ. ಆದರೆ ರಾತ್ರಿ ಯಾರಾದರೂ ಕದ್ದರೆ ಪೊಲೀಸರಿಗೆ, ಅರಣ್ಯದವರಿಗೆ ಉತ್ತರ ಹೇಳಬೇಕಾದವನು ಹೊಲದವನು. ಹಾಗಾಗಿ ಸಸಿ ಕಂಡ ಕೂಡಲೇ ಕಿತ್ತು ಬಿಸಾಕುವುದನ್ನು ನಮ್ಮ ಹಿರಿಯರು ಕಲಿತರು. ಬೆಳೆಸುವವನಿಗೆ ಹಕ್ಕಿಲ್ಲ, ಕಡಿಯುವವನಿಗೆ ದುಡ್ಡಿದೆ. ಪಕ್ಕದ ಚಾಮರಾಜನಗರದ ಕಾಡಿನಲ್ಲಿ ವೀರಪ್ಪನ್ ಬೆಳೆದದ್ದು ಇಂಥ ಲೆಕ್ಕದಲ್ಲೇ.

2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂತು. ಸ್ವಂತ ಜಮೀನಿನ ಗಂಧ ಜಮೀನಿನವರದ್ದೇ ಆಯಿತು. ಆದರೆ ಅಷ್ಟರಲ್ಲಿ ಕಾಡಿನ ಗಂಧ ತೀರಾ ಕಡಿಮೆಯಾಗಿತ್ತು.

2025ರ ಮೇ ತಿಂಗಳಲ್ಲಿ ನಟಿ ತಮನ್ನಾ ಅವರನ್ನು 6.20 ಕೋಟಿ ರೂಪಾಯಿಗೆ ಸೋಪಿನ ರಾಯಭಾರಿ ಮಾಡಿದಾಗ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಎಷ್ಟು ಜಗಳ ನಡೆಯಿತೆಂದು ನಿಮಗೆ ನೆನಪಿರಬಹುದು. ಕನ್ನಡದವರು ಯಾರೂ ಸಿಗಲಿಲ್ಲವೇ ಎಂದು ಕೇಳಿದವರೇ ಹೆಚ್ಚು. ಆ ಜಗಳದಲ್ಲೂ ಸೋಸಲೆಯ ಶಾಸ್ತ್ರಿಗಳ ಹೆಸರು ನಮ್ಮ ಗುಂಪುಗಳಲ್ಲಿ ಒಂದು ಸಲವೂ ಬರಲಿಲ್ಲ. ಬೆಂಗಳೂರಿನಲ್ಲಿ ಮೆಟ್ರೊ ನಿಲ್ದಾಣವೊಂದಕ್ಕೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಎಂದೇ ಹೆಸರಿದೆ.

ಈಗ ಗಂಧ ಹಾಕಬೇಕೆಂದಿರುವವರಿಗೆ ಎರಡು ಮಾತು. ಗಂಧದ ಗಿಡ ಒಂಟಿಯಾಗಿ ಬದುಕದು. ಪಕ್ಕದ ಗಿಡದ ಬೇರಿನಿಂದ ಆಹಾರ ಹೀರುತ್ತದೆ, ಆದ್ದರಿಂದ ಜೊತೆಗೆ ತೊಗರಿಯನ್ನೋ ಬೇರೆ ಆಸರೆ ಗಿಡವನ್ನೋ ಹಾಕಬೇಕು. ಚೇಗು ಕಟ್ಟಲು 15–20 ವರ್ಷವಾದರೂ ಬೇಕು. ಅಲ್ಲಿಯವರೆಗೆ ಕಳ್ಳರಿಂದ ಕಾಯುವುದು ನಿಮ್ಮದೇ ಖರ್ಚು. ಮರ ನಿಮ್ಮದಾದರೂ ಕಡಿಯುವ ಮುಂಚೆ ಅರಣ್ಯ ಇಲಾಖೆಯ ಅನುಮತಿ ಬೇಕು.