ಊರು ಬಿಟ್ಟ ಡಾಡ್ಜ್

ಭೋರಿಗೆ ಬಂದು ನೆಲೆಸಿದ ಕನ್ನಡಿಗರಾದ ನಮಗೆ ಹಳೇ ಅಮೆರಿಕನ್ ಕಾರು ಕಂಡ್ರೆ ಮಮತೆ. ಅದೂ ಊರು ಬಿಟ್ಟು ಬಂದದ್ದೇ ತಾನೆ? 1948ರಲ್ಲಿ ಭೋರ್ ಸಂಸ್ಥಾನ ಮುಂಬೈ ಪ್ರಾಂತ್ಯದಲ್ಲಿ ವಿಲೀನವಾದಾಗ, ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಕಾರ್ಖಾನೆ ಡಾಡ್ಜ್, ಪ್ಲಿಮತ್ ಕಾರುಗಳನ್ನು ಜೋಡಿಸುತ್ತಿತ್ತು. ಮುಂದೆ ಆಮದಿಗೆ ಕಡಿವಾಣ ಬಿತ್ತು. 1964ರಲ್ಲಿ ಅಮೆರಿಕದಲ್ಲಿ ಅಬ್ಬರಿಸಿದ ಪಾಂಟಿಯಾಕ್ ಜಿಟಿಒ ಇಲ್ಲಿ ಮಾರಾಟಕ್ಕೇ ಬರಲಿಲ್ಲ.

ಇದ್ದ ಗಾಡಿಯನ್ನೇ ಉಳಿಸಿಕೊಳ್ಳಬೇಕಿತ್ತು. ಪೆಟ್ರೋಲ್ ದುಬಾರಿ, ಬಿಡಿಭಾಗ ಸಿಗೋದಿಲ್ಲ. ಮಿಸ್ತ್ರಿಗಳು ಎಷ್ಟೋ ಕಾರುಗಳಿಗೆ ಡೀಸೆಲ್ ಎಂಜಿನ್ ಕೂರಿಸಿ ಓಡಿಸಿದರು.

2021ರ ಕೇಂದ್ರ ನಿಯಮದ ಪ್ರಕಾರ ‘ವಿಂಟೇಜ್’ ಅನ್ನಿಸಿಕೊಳ್ಳಲು 50 ವರ್ಷ ದಾಟಿದ್ರೆ ಸಾಲದು, ಎಂಜಿನ್ ಮಾರ್ಪಾಡಾಗಿರಬಾರದು. ಆದರೆ ಗಾಡಿ ಗುಜರಿಗೆ ಹೋಗದಂತೆ ಕಾಯ್ದದ್ದು ಆ ಡೀಸೆಲ್ ಎಂಜಿನ್ನೇ ಅಲ್ಲವೇ? ಮರಾಠಿ ಬೆರೆತ ನಮ್ಮ ಮಕ್ಕಳ ಕನ್ನಡವನ್ನು ಊರಿನವರು ಆಡಿಕೊಂಡಾಗಲೂ ನಾನು ಇದನ್ನೇ ಕೇಳ್ತೇನೆ.