ಗರ್ಭಕಂಠದ ಅರ್ಬುದರೋಗ: ಕಾರಣನಿರ್ಣಯದ ಇತಿಹಾಸ

ಒಂದು ಶಾಸನದ ಕಾಲವನ್ನು ನಿರ್ಣಯಿಸುವುದಕ್ಕೂ ಒಂದು ರೋಗದ ಕಾರಣವನ್ನು ನಿರ್ಣಯಿಸುವುದಕ್ಕೂ ಬೇಕಾದ ತರ್ಕವು ಬಹುಮಟ್ಟಿಗೆ ಒಂದೇ. ಎರಡೆಡೆಯಲ್ಲಿಯೂ ಸಾಕ್ಷ್ಯವು ಅಲ್ಪ. ಲಿಪಿಕಾರರ ಪ್ರಮಾದಗಳು ಬಹಳ. ಮೂಲವನ್ನು ನೋಡದೆ ಹಿಂದಿನವರ ಮಾತನ್ನೇ ಅನುವಾದಿಸುವವರು ಅದಕ್ಕಿಂತಲೂ ಬಹಳ. ಸ್ತ್ರೀಯರ ಗರ್ಭಕಂಠದಲ್ಲಿ ಹುಟ್ಟುವ ಅರ್ಬುದದ, ಎಂದರೆ ಲೋಕದಲ್ಲಿ ಕ್ಯಾನ್ಸರ್ ಎಂದು ಪ್ರಸಿದ್ಧವಾಗಿರುವ ವ್ಯಾಧಿಯ, ಕಾರಣವು ಗೊತ್ತಾಗುವುದಕ್ಕೆ 1842ರಿಂದ 1983ರವರೆಗೆ ನೂರನಾಲ್ವತ್ತು ವರ್ಷಗಳಿಗಿಂತ ಹೆಚ್ಚುಕಾಲ ಹಿಡಿಯಿತು. ಈ ಲೇಖಕನು ವೈದ್ಯನಲ್ಲ. ಪಾಠಶಾಲೆಯಲ್ಲಿ ನ್ಯಾಯವ್ಯಾಕರಣಗಳನ್ನು ಓದಿದವನು. ಆದರೆ ಈ ವೃತ್ತಾಂತದಲ್ಲಿ ಔಷಧವಿಚಾರಕ್ಕಿಂತ ಪದವಿಚಾರವೂ ಹೇತುವಿಚಾರವೂ ಪ್ರಧಾನವಾಗಿ ಕಂಡುಬಂದುದರಿಂದ ಇದನ್ನು ವಾಚಕರ ಮುಂದಿಡಲು ಧೈರ್ಯಮಾಡಿದೆನು.

ಮೊದಲು ನಮ್ಮ ಗ್ರಂಥಗಳ ಮಾತು. ಸುಶ್ರುತಸಂಹಿತೆಯ ನಿದಾನಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ಅರ್ಬುದದ ಲಕ್ಷಣವು ಹೇಳಲ್ಪಟ್ಟಿದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಮೂವತ್ತನೆಯ ಅಧ್ಯಾಯದಲ್ಲಿ ಇಪ್ಪತ್ತು ಬಗೆಯ ಯೋನಿವ್ಯಾಪತ್ತುಗಳು ಎಣಿಸಲ್ಪಟ್ಟಿವೆ. ಇವುಗಳಲ್ಲಿ ಕರ್ಣಿನೀ ಎಂಬುದೊಂದು. ಅಕಾಲದಲ್ಲಿ ತಿಣುಕುವುದರಿಂದ ಕೆರಳಿದ ವಾಯುವು ಕಫರಕ್ತಗಳೊಡನೆ ಕೂಡಿ ಮಾಂಸದ ಕರ್ಣಿಕೆಯನ್ನುಂಟುಮಾಡುವುದೆಂದು ಅದರ ವಿವರಣೆ. ಇದೇ ಇಂದಿನ ಗರ್ಭಕಂಠದ ಕ್ಯಾನ್ಸರ್ ಎಂದು ಹೇಳಿಬಿಡುವುದು ಸುಲಭ, ಹೇಳುವವರೂ ಉಂಟು. ಆದರೆ ಇಂದು ನಾವು ಕ್ಯಾನ್ಸರಿಗೆ ಅರ್ಬುದವೆಂಬ ಹೆಸರನ್ನಿಟ್ಟುಕೊಂಡ ಮಾತ್ರದಿಂದ ಸುಶ್ರುತರ ಅರ್ಬುದವೆಲ್ಲವೂ ಕ್ಯಾನ್ಸರ್ ಆಗಲಾರದು. ಹೆಸರಿನ ಸಾಮ್ಯದಿಂದ ವಸ್ತುವಿನ ಐಕ್ಯವನ್ನು ಸಾಧಿಸುವುದು ಯಾವ ಶಾಸ್ತ್ರದಲ್ಲಿಯೂ ಒಪ್ಪತಕ್ಕುದಲ್ಲ. ಈ ದೋಷವೇ ಪಾಶ್ಚಾತ್ಯರನ್ನೂ ಬಹುಕಾಲ ಬಾಧಿಸಿತೆಂಬುದು ಮುಂದೆ ವಿಶದವಾಗುವುದು.

ಇಟಲಿ ದೇಶದ ವೆರೋನಾ ನಗರದಲ್ಲಿ ಸತ್ತವರ ಹೆಸರು, ವಯಸ್ಸು, ಸ್ಥಿತಿ, ಮರಣಕಾರಣ ಇವುಗಳನ್ನು ಬರೆದಿಡುವ ಪದ್ಧತಿಯಿತ್ತು. ದೊಮೆನಿಕೊ ರಿಗೋನಿ-ಸ್ಟರ್ನ್ ಎಂಬ ಶಸ್ತ್ರವೈದ್ಯರು 1760ರಿಂದ 1839ರವರೆಗಿನ ಎಂಬತ್ತು ವರ್ಷಗಳ ಆ ದಾಖಲೆಗಳನ್ನು ಶೋಧಿಸಿ, ಕ್ಯಾನ್ಸರಿನಿಂದ ಮೃತರಾದವರನ್ನು ವಿವಾಹಿತೆಯರು, ವಿಧವೆಯರು, ಅವಿವಾಹಿತೆಯರು, ಮಠದ ಸನ್ಯಾಸಿನಿಯರು ಎಂದು ವಿಂಗಡಿಸಿ, 1842ರಲ್ಲಿ ಪಾದುವಾ ನಗರದ ವಿಜ್ಞಾನಿಗಳ ಸಭೆಯಲ್ಲಿ ತಮ್ಮ ಲೇಖನವನ್ನೋದಿದರು. ಸ್ತನದ ಕ್ಯಾನ್ಸರ್ ಸನ್ಯಾಸಿನಿಯರಲ್ಲಿ ಹೆಚ್ಚು, ಗರ್ಭಾಶಯದ ಕ್ಯಾನ್ಸರ್ ಅವರಲ್ಲಿಯೂ ಅವಿವಾಹಿತೆಯರಲ್ಲಿಯೂ ಕಡಮೆ, ಎಂಬುದು ಅವರು ಕಂಡ ಸಂಗತಿ. ಸನ್ಯಾಸಿನಿಯರ ಸ್ತನರೋಗವನ್ನು ಹದಿನೆಂಟನೆಯ ಶತಮಾನದ ಆದಿಯಲ್ಲಿಯೇ ರಾಮಾಜೀನಿ ಎಂಬ ಪಾದುವಾ ನಗರದ ಆಚಾರ್ಯರು ಗುರುತಿಸಿದ್ದರು. ಎರಡನೆಯದು ಮಾತ್ರ ನೂತನವಾದುದು. ಸೂಕ್ಷ್ಮದರ್ಶಕವಿಲ್ಲದೆ, ರೋಗಿಯೊಬ್ಬಳನ್ನೂ ಮುಟ್ಟದೆ, ಸತ್ತವರ ಪಟ್ಟಿಯಿಂದಲೇ ರೋಗಕಾರಣದ ದಿಕ್ಕನ್ನು ತೋರಿಸಿದ ಈ ಪರಿಶ್ರಮಕ್ಕೆ ನಮ್ಮಂಥವರು ವಿಶೇಷವಾಗಿ ತಲೆಬಾಗಬೇಕು.

ಇನ್ನು ಪದವಿಚಾರ. ವೆರೋನಾದ ಪಟ್ಟಿಯಲ್ಲಿರುವುದು ‘ಗರ್ಭಾಶಯ’ ಎಂಬ ಒಂದೇ ಮಾತು. ಕಂಠವೆಂದೂ ಒಡಲೆಂದೂ ಅಲ್ಲಿ ಭೇದವಿಲ್ಲ. ಈ ಎರಡೆಡೆಗಳ ಕ್ಯಾನ್ಸರುಗಳು ಬೇರೆಬೇರೆ ವ್ಯಾಧಿಗಳೆಂಬುದನ್ನು ಊತಕದ ತುಣುಕನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿ ಸ್ಥಾಪಿಸಿದವರು ಬರ್ಲಿನ್ನಿನ ರೂಗೆ ಮತ್ತು ಫೈಟ್ ಎಂಬವರು. ಅವರ ಕಾಲವು 1870ರ ದಶಕದ ಕೊನೆ. ಒಡಲಿನ ಒಳಪೊರೆಯಲ್ಲಿ ಹುಟ್ಟುವ ಕ್ಯಾನ್ಸರಿನ ಸ್ವಭಾವವು ಕಂಠದ್ದಕ್ಕೆ ಬಹುಮಟ್ಟಿಗೆ ವಿಪರೀತವಾದುದು. ಅದು ಮಕ್ಕಳನ್ನು ಹೆರದವರಲ್ಲಿಯೂ ಸ್ಥೂಲದೇಹದವರಲ್ಲಿಯೂ ಹೆಚ್ಚು. ಈಸ್ಟ್ರೋಜನ್ ಎಂಬ ಸ್ತ್ರೀಸ್ರಾವವು ತಡೆಯಿಲ್ಲದೆ ಆ ಪೊರೆಯನ್ನು ಬೆಳೆಯಿಸುವುದೇ ಮುಖ್ಯಕಾರಣ. ಮುಟ್ಟು ನಿಂತ ಸ್ತ್ರೀಯರಿಗೆ ಅದೇ ದ್ರವ್ಯವನ್ನು ಒಂಟಿಯಾಗಿ ಔಷಧವಾಗಿ ಕೊಟ್ಟುದರಿಂದ ಈ ರೋಗವು ಹೆಚ್ಚಿತೆಂದು 1975ರಲ್ಲಿ ಅಮೆರಿಕಾದ ಎರಡು ಲೇಖನಗಳು ತೋರಿಸಿಕೊಟ್ಟುವು. ಹೀಗಿರಲು, ವಿರುದ್ಧಸ್ವಭಾವದ ಎರಡು ರೋಗಗಳನ್ನು ಒಂದೇ ಹೆಸರಿನ ಕೆಳಗೆ ಬರೆದ ಪಟ್ಟಿಯಿಂದಲೂ ರಿಗೋನಿ-ಸ್ಟರ್ನರಿಗೆ ವ್ಯತ್ಯಾಸವು ಕಂಡಿತೆಂದರೆ ಕಂಠದ ರೋಗವು ಆ ಕಾಲದಲ್ಲಿ ಎಷ್ಟು ಪ್ರಬಲವಾಗಿದ್ದಿರಬೇಕೆಂಬುದನ್ನು ಊಹಿಸಬಹುದು.

ಅನಂತರದವರ ಉದ್ಧರಣೆಗಳಲ್ಲಿ ಈ ಎಚ್ಚರವು ಲೋಪವಾಯಿತು. ‘ಗರ್ಭಾಶಯ’ವಿದ್ದೆಡೆಯಲ್ಲಿ ‘ಗರ್ಭಕಂಠ’ವು ಸೇರಿತು, ‘ಕಡಮೆ’ಯಿದ್ದೆಡೆಯಲ್ಲಿ ‘ಇಲ್ಲವೇ ಇಲ್ಲ’ ಎಂಬುದು ಸೇರಿತು. ಸನ್ಯಾಸಿನಿಯರಿಗೆ ಈ ರೋಗವು ಬರುವುದೇ ಇಲ್ಲವೆಂದು ರಿಗೋನಿ-ಸ್ಟರ್ನರು ಸ್ಥಾಪಿಸಿದರೆಂಬ ವಾಕ್ಯವು ಪುಸ್ತಕದಿಂದ ಪುಸ್ತಕಕ್ಕೆ ಇಳಿದು ಬಂದಿತು. 1991ರಲ್ಲಿ ಗ್ರಿಫಿತ್ಸ್ ಎಂಬ ಆಂಗ್ಲವೈದ್ಯರು ಮೂಲವನ್ನು ಪುನಃ ಪರಿಶೀಲಿಸಿ ಆ ಅರ್ಥವು ಅಲ್ಲಿಲ್ಲವೆಂದು ತಿಳಿಸಿದರು. ಸಿದ್ಧಾಂತವು ನಿಜವಾಗಿದ್ದರೂ ಅದಕ್ಕೆ ತೋರಿಸಿದ ಆಧಾರವಾಕ್ಯವು ಕಲ್ಪಿತವಾಗಿರಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಮ್ಮ ಕವಿಚರಿತ್ರೆಗಳಲ್ಲಿಯೂ ಕಾಣೆನು.

ಚಿಕಿತ್ಸೆಯಾದರೋ ಕಾರಣಜ್ಞಾನಕ್ಕಾಗಿ ಕಾದುಕುಳಿತಿರಲಿಲ್ಲ. 1898ರಲ್ಲಿ ವಿಯೆನ್ನಾದ ವೆರ್ಟ್‌ಹೈಮ್ ಎಂಬವರು ಗರ್ಭಾಶಯವನ್ನು ಸುತ್ತಲಿನ ಊತಕಗಳೊಡನೆ ತೆಗೆದುಹಾಕುವ ಮಹಾಶಸ್ತ್ರಕ್ರಿಯೆಯನ್ನು ಮೊದಲುಮಾಡಿದರು. ಪ್ರಾರಂಭದಲ್ಲಿ ಆ ಕ್ರಿಯೆಯಿಂದಲೇ ಮೃತರಾದವರು ಬಹುಮಂದಿ. ಅದೇ ವರ್ಷದ ಕೊನೆಯಲ್ಲಿ ಪ್ಯಾರಿಸಿನ ಕ್ಯೂರಿ ದಂಪತಿಗಳು ರೇಡಿಯಮ್ಮನ್ನು ಕಂಡುಹಿಡಿದರು. 1903ರಲ್ಲಿ ನ್ಯೂಯಾರ್ಕಿನ ಮಾರ್ಗರೆಟ್ ಕ್ಲೀವ್ಸ್ ಎಂಬ ವೈದ್ಯೆಯು ಅದನ್ನು ಗರ್ಭಕಂಠದ ರೋಗಕ್ಕೆ ಉಪಯೋಗಿಸಿದರು. ಅಲ್ಲಿಂದ ಮುಂದೆ ಸ್ಟಾಕ್‌ಹೋಂ, ಪ್ಯಾರಿಸ್, ಮ್ಯಾಂಚೆಸ್ಟರ್ ಎಂಬ ಮೂರು ಸಂಪ್ರದಾಯಗಳು ಬೆಳೆದುವು. 1999ರಲ್ಲಿ ಕಿರಣಚಿಕಿತ್ಸೆಯೊಡನೆ ಸಿಸ್‌ಪ್ಲಾಟಿನ್ ಔಷಧವನ್ನು ಸೇರಿಸುವುದು ಶ್ರೇಯಸ್ಕರವೆಂದು ನಿಶ್ಚಯವಾಯಿತು. ಒಳಪೊರೆಯ ಕ್ಯಾನ್ಸರಿಗೆ ಇಂದಿಗೂ ಗರ್ಭಾಶಯವನ್ನು ತೆಗೆಯುವುದೇ ಮುಖ್ಯ ಚಿಕಿತ್ಸೆ. ಮುಟ್ಟು ನಿಂತ ಮೇಲೆ ರಕ್ತವು ಕಾಣಿಸಿಕೊಂಡು ರೋಗವು ಮುಂಚಿತವಾಗಿಯೇ ತನ್ನನ್ನು ತಿಳಿಯಪಡಿಸುವುದರಿಂದ ಅನೇಕರು ಗುಣಹೊಂದುವರು.

ರೋಗವು ಮೂಡುವುದಕ್ಕೆ ಮೊದಲೇ ಅದನ್ನು ಗುರುತಿಸುವ ಉಪಾಯವು ಪಾಪನಿಕೊಲೌ ಎಂಬ ಗ್ರೀಕರಿಂದ ಬಂದಿತು. ಯೋನಿಸ್ರಾವದ ಲೇಪವನ್ನು ಗಾಜಿನ ಮೇಲೆ ಹರಡಿ ನೋಡಿದರೆ ಕೆಟ್ಟ ಕೋಶಗಳು ಕಾಣುವುವೆಂದು ಅವರು 1928ರಲ್ಲಿ ಹೇಳಿದಾಗ ಯಾರೂ ಮನಸ್ಸಿಟ್ಟು ಕೇಳಲಿಲ್ಲ. 1941ರಲ್ಲಿ ಟ್ರಾಟ್ ಎಂಬವರೊಡನೆ ಬರೆದ ಲೇಖನವೇ ಕಣ್ತೆರೆಯಿಸಿತು. ರುಮೇನಿಯಾದ ಬಾಬೆಶ್ ಎಂಬವರು 1927ರಲ್ಲಿಯೇ ಇದನ್ನು ಕಂಡಿದ್ದರೆಂದು ಅವರ ದೇಶದವರ ವಾದ, ಅದು ನಿರಾಧಾರವಾದುದಲ್ಲ. ಈ ಪರೀಕ್ಷೆಯ ಫಲಕ್ಕೆ ಅನ್ವಯವ್ಯತಿರೇಕಗಳೆರಡೂ ಯೂರೋಪಿನ ಉತ್ತರದೇಶಗಳಲ್ಲಿ ದೊರೆತುವು. 1965ರಿಂದ 1982ರೊಳಗೆ ಈ ರೋಗದ ಮರಣವು ಎಲ್ಲ ಸ್ತ್ರೀಯರನ್ನೂ ಕ್ರಮವಾಗಿ ಕರೆದು ಪರೀಕ್ಷಿಸಿದ ಐಸ್‌ಲೆಂಡಿನಲ್ಲಿ ನೂರಕ್ಕೆ 80ರಷ್ಟು, ಫಿನ್‌ಲೆಂಡಿನಲ್ಲಿ 50ರಷ್ಟು ಇಳಿಯಿತು. ಅಂಥ ಏರ್ಪಾಡು ಅಲ್ಪಭಾಗದಲ್ಲಿ ಮಾತ್ರವಿದ್ದ ನಾರ್ವೆಯಲ್ಲಿ 10ರಷ್ಟೇ.

ಆದರೆ ಕಾರಣವು ಇನ್ನೂ ತಿಳಿದಿರಲಿಲ್ಲ. 1960ರ ದಶಕದಲ್ಲಿ ಅಮೆರಿಕಾದ ನಾಹ್ಮಿಯಸ್, ರಾಲ್ಸ್ ಮೊದಲಾದವರು, ಈ ರೋಗವುಳ್ಳ ಸ್ತ್ರೀಯರ ರಕ್ತದಲ್ಲಿ ಎರಡನೆಯ ಬಗೆಯ ಹರ್ಪಿಸ್ ವೈರಸ್ಸಿನ ಗುರುತು ಇತರರಿಗಿಂತ ಹೆಚ್ಚಾಗಿ ಇರುವುದನ್ನು ಕಂಡು ಅದೇ ಕಾರಣವೆಂದರು. ಬೆಂಕಿಯಿರುವುದರಿಂದಲೇ ಹೊಗೆಯಿರುವುದೆಂದು ಸಾಧಿಸುವವನಿಗೆ ಹಸಿಯ ಸೌದೆಯ ಸಂಯೋಗವೆಂಬ ಉಪಾಧಿಯನ್ನು ತೋರಿಸುವುದು ತರ್ಕಶಾಲೆಯ ಮೊದಲ ಪಾಠಗಳಲ್ಲೊಂದು. ಇಲ್ಲಿಯೂ ಉಪಾಧಿಯಿದ್ದಿತು: ಹರ್ಪಿಸ್ ಬರುವ ದಾರಿಯೂ ನಿಜವಾದ ಕಾರಣವು ಬರುವ ದಾರಿಯೂ ಒಂದೇ ಆದುದರಿಂದ ಒಂದಿದ್ದವರಲ್ಲಿ ಮತ್ತೊಂದೂ ಇರುತ್ತಿದ್ದಿತು. ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ಎಂಬವರು ಗೆಡ್ಡೆಗಳಲ್ಲಿ ಹರ್ಪಿಸ್ಸನ್ನು ಹುಡುಕಿ ಕಾಣದೆ, ನರೂಲಿಯನ್ನುಂಟುಮಾಡುವ ಪ್ಯಾಪಿಲೋಮಾ ವೈರಸ್ಸುಗಳ ಕಡೆಗೆ ತಿರುಗಿದರು. 1970ರ ದಶಕದಲ್ಲಿ ಅವರ ಮಾತನ್ನು ಒಪ್ಪಿದವರು ವಿರಳ. 1983ರಲ್ಲಿ ಅವರ ಶಿಷ್ಯವರ್ಗವು ಆ ವೈರಸ್ಸಿನ 16ನೆಯ ಬಗೆಯನ್ನೂ 1984ರಲ್ಲಿ 18ನೆಯದನ್ನೂ ಗೆಡ್ಡೆಗಳಿಂದಲೇ ಬೇರ್ಪಡಿಸಿ ತೋರಿಸಿತು. ಅದೇ 1984ರಲ್ಲಿ ಪ್ರಾಗ್ ನಗರದ ವೋಂಕಾ ಎಂಬವರು, ಹತ್ತುಸಾವಿರಕ್ಕಿಂತ ಹೆಚ್ಚು ಸ್ತ್ರೀಯರನ್ನು ವರ್ಷಗಟ್ಟಲೆ ನೋಡಿದರೂ ಹರ್ಪಿಸ್ಸಿಗೂ ಈ ರೋಗಕ್ಕೂ ಸಂಬಂಧವು ಕಾಣಲಿಲ್ಲವೆಂದು ಪ್ರಕಟಿಸಿದರು. ತ್ಸುರ್ ಹೌಸೆನ್ನರಿಗೆ 2008ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಇಲ್ಲಿ ಒಂದು ಆಶ್ಚರ್ಯವುಂಟು. 1951ರಲ್ಲಿ ಅಮೆರಿಕಾದ ಬಾಲ್ಟಿಮೋರಿನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕರಿಯ ಜನಾಂಗದ ಸ್ತ್ರೀಯು ಈ ರೋಗದಿಂದ ಮೃತಳಾದಳು. ಅವಳನ್ನು ಕೇಳದೆಯೇ ಅವಳ ಗೆಡ್ಡೆಯಿಂದ ತೆಗೆದ ಕೋಶಗಳು ಹೀಲಾ ಎಂಬ ಹೆಸರಿನಿಂದ ಲೋಕದ ಪ್ರಯೋಗಶಾಲೆಗಳಲ್ಲೆಲ್ಲಾ ಬೆಳೆದುವು. ಕಾರಣವು ಯಾವುದೆಂದು ಪಂಡಿತರು ವಾದಿಸುತ್ತಿದ್ದ ಮೂವತ್ತುಮೂರು ವರ್ಷವೂ ಅವರ ಕೈಯಲ್ಲಿದ್ದ ಗಾಜಿನ ಪಾತ್ರೆಯಲ್ಲಿಯೇ 18ನೆಯ ಬಗೆಯ ವೈರಸ್ಸು ಇದ್ದಿತು.

ಕಾರಣವು ಸ್ತ್ರೀಪುರುಷಸಂಪರ್ಕದಿಂದ ಬರುವುದೆಂದು ತಿಳಿದಕೂಡಲೆ ರೋಗಿಣಿಯ ಶೀಲವನ್ನು ಶಂಕಿಸುವವರು ಹುಟ್ಟಿಕೊಂಡರು. ಇದೂ ಹೇತ್ವಾಭಾಸವೇ. ಈ ವೈರಸ್ಸು ಸಂಸಾರಸ್ಥರಲ್ಲಿ ಬಹುಪಾಲು ಜನರಿಗೆ ಎಂದಾದರೊಮ್ಮೆ ತಗಲುವುದು. ಹೆಚ್ಚಿನವರಲ್ಲಿ ಒಂದೆರಡು ವರ್ಷಗಳೊಳಗೆ ತಾನಾಗಿ ಅಳಿಯುವುದು. ಅಳಿಯದೆ ನೆಲೆನಿಂತ ಕೆಲವರಲ್ಲಿ ಮಾತ್ರ ಅನೇಕ ವರ್ಷಗಳ ಮೇಲೆ ಅರ್ಬುದವಾಗುವುದು. ಏಕಪತಿವ್ರತೆಗೂ ಅದು ಪತಿಯಿಂದಲೇ ಬರಬಹುದು. ನನ್ನ ಸೋದರತ್ತೆಯವರು ಎರಡು ವರ್ಷ ರಕ್ತಸ್ರಾವವನ್ನು ಮನೆಯವರಿಂದ ಮರೆಸಿಕೊಂಡಿದ್ದು, ನಡೆಯಲಾರದಂತಾದ ಮೇಲೆ ತಿಳಿಸಿದರು. ಅಷ್ಟರಲ್ಲಿ ವೈದ್ಯರಿಗೆ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಅವರನ್ನು ತಡೆದುದು ಬಡತನವಲ್ಲ.

2006ರಿಂದ ಈ ವೈರಸ್ಸಿಗೆ ಲಸಿಕೆಯುಂಟು. ಆದರೆ ಲಸಿಕೆಯ ವಯಸ್ಸನ್ನು ದಾಟಿದವರಿಗೆ ಪರೀಕ್ಷೆಯೇ ಗತಿ; ಅದರ ಬಲವಾದ ಪ್ರಮಾಣವು ನಮ್ಮ ಗಡಿಯಾಚೆಯಲ್ಲೇ ದೊರೆತುದು. ಬೀದರ ಕಲಬುರ್ಗಿಗಳಿಗೆ ನೆರೆಯದಾದ, 2023ರಿಂದ ಧಾರಾಶಿವವೆನಿಸುವ ಉಸ್ಮಾನಾಬಾದ್ ಜಿಲ್ಲೆಯಲ್ಲಿ 30ರಿಂದ 59 ವರ್ಷದ 1,31,746 ಸ್ತ್ರೀಯರನ್ನು ಹಳ್ಳಿಗಳ ಗುಂಪಿನ ಪ್ರಕಾರ ನಾಲ್ಕು ವರ್ಗಗಳಾಗಿ ವಿಂಗಡಿಸಿ, ಒಂದು ವರ್ಗಕ್ಕೆ ವೈರಸ್ ಪರೀಕ್ಷೆಯನ್ನೂ, ಒಂದಕ್ಕೆ ಪಾಪನಿಕೊಲೌ ಪರೀಕ್ಷೆಯನ್ನೂ, ಒಂದಕ್ಕೆ ಅಸೆಟಿಕ್ ಆಮ್ಲವನ್ನು ಹಚ್ಚಿ ಕಣ್ಣಿನಿಂದಲೇ ನೋಡುವ ಪರೀಕ್ಷೆಯನ್ನೂ ಒಮ್ಮೆ ಏರ್ಪಡಿಸಿದರು. ಫಲವು 2009ರಲ್ಲಿ ಪ್ರಕಟವಾಯಿತು. ಎಂಟು ವರ್ಷಗಳಲ್ಲಿ ವೈರಸ್ ಪರೀಕ್ಷೆಯ ವರ್ಗದ 34,126 ಮಂದಿಯಲ್ಲಿ ಈ ರೋಗದಿಂದ ಮೃತರಾದವರು 34. ಅಂಥ ಯಾವ ಪರೀಕ್ಷೆಯನ್ನೂ ಏರ್ಪಡಿಸದ ನಾಲ್ಕನೆಯ ವರ್ಗದ 31,488 ಮಂದಿಯಲ್ಲಿ 64. ವ್ಯತಿರೇಕವಿಲ್ಲದೆ ವ್ಯಾಪ್ತಿಯು ಸಿದ್ಧಿಸದೆಂಬುದನ್ನು ನಾನು ಬಲ್ಲೆನು. ಆದರೆ ತರ್ಕಸಂಗ್ರಹದ ವ್ಯತಿರೇಕವು ಹೊಗೆಯಿಲ್ಲದ ಒಂದು ಕೆರೆ. ಇಲ್ಲಿಯದು ಹಳ್ಳಿಯ ಹೆಂಗಸರು. ಅವರನ್ನು ಹಾಗೆ ಬಿಡಬಹುದಾಗಿತ್ತೇ ಎಂದು ಅಮೆರಿಕಾದ ಕೆಲವು ವೈದ್ಯರು ಪ್ರಶ್ನಿಸಿದರು. ದೇಶದಲ್ಲಿ ಆಗ ರೂಢಿಯಲ್ಲಿದ್ದ ಸ್ಥಿತಿಯೇ ಅದೆಂದು ನಡೆಸಿದವರು ಉತ್ತರವಿತ್ತರು. ಆ ಉತ್ತರವು ವಸ್ತುಸ್ಥಿತಿಗೆ ಸರಿಯೇ. ನನಗೆ ಮಾತ್ರ ಅದರಿಂದ ಸಮಾಧಾನವಾಗಲಿಲ್ಲ.